ಮುಲ್ಲರ್ ಹೆಚ್ಚೋ ಕ್ರೂಸ್ ಹೆಚ್ಚೋ? ಆಟಗಾರರ ಆನ್‌ಲೈನ್ ಜನಪ್ರಿಯತೆ ನೀವೇ ಅಳೆಯಿರಿ

ಜರ್ಮನಿಯ ಫುಟ್‌ಬಾಲ್ ಬಗ್ಗೆ ಏನೇ ಬರೆದರೂ ಒಂದು ಪ್ರಶ್ನೆ ಬಂದೇ ಬರುತ್ತದೆ. "ಥಾಮಸ್ ಮುಲ್ಲರ್ ನಿಜಕ್ಕೂ ಅಷ್ಟು ಪಾಪ್ಯುಲರಾ? ಇನ್‌ಸ್ಟಾಗ್ರಾಂನಲ್ಲಿ ಅವರಿಗಿಂತ ಟೋನಿ ಕ್ರೂಸ್ ಎಷ್ಟೋ ಮುಂದೆ ಇದ್ದಾರಲ್ಲ?" ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಅದೇ. ಒಬ್ಬೊಬ್ಬರಿಗೂ ಉತ್ತರ ಬರೆಯುವುದಕ್ಕಿಂತ ಅಳೆಯುವ ದಾರಿಯನ್ನೇ ಬರೆದುಬಿಡುವುದು ವಾಸಿ ಅನ್ನಿಸಿತು. ಒಂದು ಸಂಜೆ ಬಿಡುವು ಮಾಡಿಕೊಂಡರೆ ಸಾಕು. ದುಡ್ಡಿನ ಖರ್ಚಿಲ್ಲ.

ಇಲ್ಲಿ ಮುಲ್ಲರ್ ಅವರನ್ನು ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ಇದೇ ಕ್ರಮದಲ್ಲಿ ಯಾವ ಆಟಗಾರರನ್ನು ಬೇಕಾದರೂ ಅಳೆಯಬಹುದು.

ಏನೇನು ಬೇಕು

ಒಂದು ಕಂಪ್ಯೂಟರ್ (ಫೋನಿನಲ್ಲೂ ಆಗುತ್ತದೆ, ಆದರೆ ಗ್ರಾಫ್ ನೋಡಿ ಕಣ್ಣು ನೋಯುತ್ತದೆ). ಎಕ್ಸೆಲ್ ಥರದ್ದೊಂದು ಲೆಕ್ಕದ ಹಾಳೆ. ಇನ್‌ಸ್ಟಾಗ್ರಾಂ ಖಾತೆ. ಗೂಗಲ್ ಟ್ರೆಂಡ್ಸ್, ಅಂದರೆ ಜನ ಗೂಗಲ್‌ನಲ್ಲಿ ಏನನ್ನು ಎಷ್ಟು ಹುಡುಕುತ್ತಾರೆ ಎಂದು ತೋರಿಸುವ ಉಚಿತ ಸಾಧನ. ವಿಕಿಪೀಡಿಯದ ಪೇಜ್‌ವ್ಯೂಸ್, ಅಂದರೆ ಒಂದು ಪುಟವನ್ನು ದಿನಕ್ಕೆ ಎಷ್ಟು ಸಲ ತೆರೆದಿದ್ದಾರೆ ಎಂದು ಎಣಿಸುವ ಸಾಧನ. ಇದೂ ಉಚಿತ. ಇವುಗಳ ಜೊತೆಗೆ ಒಂದು ಹಾಳೆಯಲ್ಲಿ ಆ ಆಟಗಾರನ ವೃತ್ತಿಯ ಮುಖ್ಯ ತಾರೀಖುಗಳನ್ನು ಬರೆದಿಟ್ಟುಕೊಳ್ಳಿ. ಇದನ್ನು ಬಿಟ್ಟವರೇ ಕೊನೆಗೆ ಜಾಸ್ತಿ ಪರದಾಡುತ್ತಾರೆ.

ಎಕ್ಸ್ ಅನ್ನು, ಅಂದರೆ ಹಳೆಯ ಟ್ವಿಟರ್ ಅನ್ನು, ಬೇಕೆಂದೇ ಬಿಟ್ಟಿದ್ದೇನೆ. 2014ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಜರ್ಮನಿ ಬ್ರೆಜಿಲ್ ಅನ್ನು 7-1ರಿಂದ ಸೋಲಿಸಿದ ರಾತ್ರಿ 3.56 ಕೋಟಿ ಟ್ವೀಟ್ ಬಂದಿದ್ದವು ಎಂದು ಕಂಪನಿಯೇ ಹೇಳಿತ್ತು. ಆಗ ಅಂಥ ಎಣಿಕೆ ಸುಲಭವಾಗಿ ಸಿಗುತ್ತಿತ್ತು. 2023ರಿಂದ ಆ ಮಾಹಿತಿಯ ಬಾಗಿಲು ತೆರೆಯಲು ಹಣ ಕಟ್ಟಬೇಕು.

1. ಯಾವ ಜನಪ್ರಿಯತೆ ಎಂದು ಮೊದಲು ನಿರ್ಧರಿಸಿ

ಮೂರು ಬೇರೆ ಬೇರೆ ಸಂಗತಿಗಳನ್ನು ನಾವು ಜನಪ್ರಿಯತೆ ಎಂಬ ಒಂದೇ ಚೀಲಕ್ಕೆ ಹಾಕುತ್ತೇವೆ.

ಫಾಲೋವರ್ ಎಣಿಕೆ ಕಣಜದ ಭತ್ತ ಇದ್ದ ಹಾಗೆ. ಹತ್ತು ವರ್ಷದ ಹಿಂದೆ ಬಿದ್ದದ್ದೂ ಅಲ್ಲೇ ಇರುತ್ತದೆ. ಒಮ್ಮೆ ಫಾಲೋ ಒತ್ತಿದವರು ಮತ್ತೆ ಹೋಗಿ ತೆಗೆಯುವುದು ಕಡಿಮೆ. ಜರ್ಮನಿಗೆ ಆಡಿದ ಮೆಸುಟ್ ಓಜಿಲ್ 2023ರ ಮಾರ್ಚ್‌ನಲ್ಲೇ ನಿವೃತ್ತರಾದರು, ಆದರೂ ಅವರ ಇನ್‌ಸ್ಟಾಗ್ರಾಂ ಕಣಜದಲ್ಲಿ ಎರಡು ಕೋಟಿಗೂ ಮೀರಿ ಜನ ಇದ್ದಾರೆ. ಹುಡುಕಾಟ ಮತ್ತು ಪುಟದ ಓದು ಈ ವರ್ಷದ ಬೆಳೆ. ಈಗ ಯಾರಿಗೆ ಕುತೂಹಲ ಇದೆ ಎಂಬುದನ್ನು ಅದು ಹೇಳುತ್ತದೆ. ಮೂರನೆಯದು ಸ್ಪಂದನೆ: ಪೋಸ್ಟ್ ಹಾಕಿದಾಗ ಎಷ್ಟು ಜನ ಲೈಕ್ ಒತ್ತುತ್ತಾರೆ, ಮಾತಾಡುತ್ತಾರೆ ಎನ್ನುವುದು.

ಮೂರಕ್ಕೂ ಬೇರೆ ಬೇರೆ ಗೆಲುವಿಗ ಸಿಗಬಹುದು. ಹಾಗಾಗಿ ಕೆಲಸ ಶುರು ಮಾಡುವ ಮೊದಲೇ ನಿಮ್ಮ ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆಯಿರಿ. "ಕಳೆದ 12 ತಿಂಗಳಲ್ಲಿ ಭಾರತದಲ್ಲಿ ಜನ ಗೂಗಲ್‌ನಲ್ಲಿ ಯಾರನ್ನು ಜಾಸ್ತಿ ಹುಡುಕಿದ್ದಾರೆ?" ಇಷ್ಟು ಬಿಗಿಯಾಗಿರಲಿ. "ಯಾರು ಫೇಮಸ್?" ಎಂದು ಹೊರಟರೆ ಇಷ್ಟಪಟ್ಟ ಉತ್ತರ ಸಿಗುವ ತನಕ ಸಾಧನ ಬದಲಿಸುತ್ತಾ ಹೋಗುತ್ತೀರಿ.

2. ಜೊತೆಗಾರರನ್ನು ಆರಿಸಿ

ಇಲ್ಲೇ ಅರ್ಧ ಜಗಳ ಹುಟ್ಟುವುದು. 1989ರಲ್ಲಿ ಹುಟ್ಟಿದ ಮುಲ್ಲರ್ ಅವರನ್ನು 2003ರಲ್ಲಿ ಹುಟ್ಟಿದ ಜಮಾಲ್ ಮುಸಿಯಾಲ, ಫ್ಲೋರಿಯನ್ ವಿರ್ಟ್ಸ್ ಜೊತೆ ಹೋಲಿಸಬೇಡಿ. ಆ ಹುಡುಗರು ಬೆಳೆದದ್ದೇ ಫೋನಿನ ಕಾಲದಲ್ಲಿ.

ನಾನು ಆರಿಸಿಕೊಂಡ ಗುಂಪು ಹೀಗಿದೆ: 2014ರ ಜುಲೈ 13ರಂದು ಮಾರಕಾನಾ ಕ್ರೀಡಾಂಗಣದಲ್ಲಿ ಅರ್ಜೆಂಟೀನಾ ವಿರುದ್ಧದ ವಿಶ್ವಕಪ್ ಫೈನಲ್‌ನಲ್ಲಿ ಮೊದಲ ನಿಮಿಷದಿಂದ ಆಡಿದ ಹನ್ನೊಂದು ಜನರಲ್ಲಿ ಐವರು. ಥಾಮಸ್ ಮುಲ್ಲರ್, ಟೋನಿ ಕ್ರೂಸ್, ಮೆಸುಟ್ ಓಜಿಲ್, ಮ್ಯಾನುಯೆಲ್ ನ್ಯೂಯರ್, ಮ್ಯಾಟ್ಸ್ ಹಮ್ಮೆಲ್ಸ್. ಎಲ್ಲರೂ 1986ರಿಂದ 1990ರ ಒಳಗೆ ಹುಟ್ಟಿದವರು. ಎಲ್ಲರ ಕೈಯಲ್ಲೂ ಅದೇ ಕಪ್. ಗೂಗಲ್ ಟ್ರೆಂಡ್ಸ್‌ನಲ್ಲಿ ಒಂದು ಸಲಕ್ಕೆ ಐದೇ ಹೆಸರು ಹಾಕಲು ಆಗುವುದು, ಅದಕ್ಕೂ ಇದು ಸರಿಹೋಗುತ್ತದೆ.

ಆದರೂ ಇವರು ಸಮಾನರಲ್ಲ. ವ್ಯತ್ಯಾಸ ಇರುವುದು ಅಂಗಿಯಲ್ಲಿ. ಕ್ರೂಸ್ 2014ರಿಂದ 2024ರವರೆಗೆ ರಿಯಲ್ ಮ್ಯಾಡ್ರಿಡ್‌ನಲ್ಲಿದ್ದರು. ಸ್ಪೇನ್ ಮಾತ್ರವಲ್ಲ, ಸ್ಪ್ಯಾನಿಷ್ ಮಾತಾಡುವ ಇಡೀ ಲ್ಯಾಟಿನ್ ಅಮೆರಿಕ ಆ ಕ್ಲಬ್ಬಿನ ಹಿಂದೆ ಇದೆ. ಓಜಿಲ್ ಮೊದಲು ಮ್ಯಾಡ್ರಿಡ್, 2013ರಿಂದ ಲಂಡನ್ನಿನ ಆರ್ಸೆನಲ್. ಅವರ ಮನೆತನದ ಬೇರು ಟರ್ಕಿಯಲ್ಲಿರುವುದರಿಂದ ಅಲ್ಲಿನ ಅಭಿಮಾನಿಗಳೂ ಸೇರಿಕೊಂಡರು. ಮುಲ್ಲರ್ ಮಾತ್ರ 2008ರಿಂದ 2025ರವರೆಗೆ ಬಾಯರ್ನ್ ಮ್ಯೂನಿಕ್ ಬಿಟ್ಟು ಕದಲಲಿಲ್ಲ. ಒಂದೇ ಕ್ಲಬ್ಬಿಗೆ 756 ಪಂದ್ಯ ಆಡಿದರು. ನನ್ನನ್ನು ಕೇಳಿದರೆ ಮುಲ್ಲರ್ ಪಕ್ಕದಲ್ಲಿ ನ್ಯೂಯರ್ ಅವರನ್ನು ಇಡುವುದೇ ನ್ಯಾಯ. ನ್ಯೂಯರ್ 2011ರಲ್ಲಿ ಬಾಯರ್ನ್‌ಗೆ ಬಂದ ಮೇಲೆ ಹದಿನಾಲ್ಕು ವರ್ಷ ಇಬ್ಬರದ್ದೂ ಒಂದೇ ಅಂಗಿ, ಒಂದೇ ಪಂದ್ಯಗಳು.

ಕ್ಲಬ್ಬಿನ ತೂಕ ಎಷ್ಟು ಎಂದು ನೋಡುವ ಆಸೆ ಇದ್ದರೆ ಕ್ರೂಸ್ ಅವರನ್ನು ಬಳಸಿಕೊಳ್ಳಿ. 2014ರ ಜುಲೈವರೆಗೆ ಅವರೂ ಬಾಯರ್ನ್‌ನವರೇ. ವಿಶ್ವಕಪ್‌ಗೆ ಮುಂಚಿನ ಎರಡು ವರ್ಷ, ಮ್ಯಾಡ್ರಿಡ್‌ಗೆ ಹೋದ ನಂತರದ ಎರಡು ವರ್ಷ: ಎರಡು ಅವಧಿಯಲ್ಲೂ ಮುಲ್ಲರ್ ಜೊತೆ ಹೋಲಿಸಿ. ಕಪ್ ಇಬ್ಬರಿಗೂ ಸಿಕ್ಕಿತು, ಅಂಗಿ ಬದಲಾದದ್ದು ಒಬ್ಬರದ್ದು ಮಾತ್ರ.

3. ಹೆಸರು ಸೋಸಿಕೊಳ್ಳಿ

ಈ ಹಂತವನ್ನು ಯಾರೂ ಮಾಡುವುದಿಲ್ಲ. ಮಾಡದೆ ಬಂದ ಗ್ರಾಫ್ ಯಾವ ಕೆಲಸಕ್ಕೂ ಬರುವುದಿಲ್ಲ. ಐದು ಹೆಸರಲ್ಲಿ ಕ್ರೂಸ್ ಒಂದೇ ಸ್ವಲ್ಪ ಚೊಕ್ಕ. ಅಲ್ಲೂ ತಮ್ಮ ಫೆಲಿಕ್ಸ್ ಕ್ರೂಸ್ ಇದ್ದಾರೆ, ಅವರೂ ಫುಟ್‌ಬಾಲ್ ಆಡಿದವರೇ.

ಮುಲ್ಲರ್ ಜರ್ಮನಿಯಲ್ಲಿ ಅತಿ ಹೆಚ್ಚು ಜನರಿಗಿರುವ ಮನೆತನದ ಹೆಸರು. ಆ ಹೆಸರಿನ ಹಾಲು-ಮೊಸರಿನ ಕಂಪನಿ ಇದೆ, ಅಂಗಡಿಗಳ ಸಾಲೂ ಇದೆ. 1970ರ ದಶಕದ ಗೋಲು ಯಂತ್ರ ಗೆರ್ಡ್ ಮುಲ್ಲರ್ 2021ರ ಆಗಸ್ಟ್ 15ರಂದು ತೀರಿಕೊಂಡರು. ಸುಮ್ನೆ ಮನೆತನದ ಹೆಸರು ಹಾಕಿದರೆ ಆ ವಾರದ ಏರಿಕೆಯೆಲ್ಲ ಥಾಮಸ್ ಖಾತೆಗೆ ಬೀಳುತ್ತದೆ. ಇನ್ನೊಂದು ಗುಂಡಿ ಕಾಗುಣಿತದ್ದು. ಜರ್ಮನ್ನಿನಲ್ಲಿ ಈ ಹೆಸರಿನ ಯು ಅಕ್ಷರದ ಮೇಲೆ ಎರಡು ಚುಕ್ಕಿ ಇದೆ. ಕೀಬೋರ್ಡ್‌ನಲ್ಲಿ ಚುಕ್ಕಿ ಸಿಗದಿದ್ದಾಗ ಯು ಆದಮೇಲೆ ಒಂದು ಇ ಸೇರಿಸಿ ಬರೆಯುವುದು ರೂಢಿ. ಹಾಗೆ ಬರೆದು ಅಮೆರಿಕದ ಗ್ರಾಫ್ ನೋಡಿದಿರೋ, 2017ರಿಂದ 2019ರ ನಡುವೆ ಗುಡ್ಡವೇ ಎದ್ದಿರುತ್ತದೆ. ಅದು ಟ್ರಂಪ್ ಕಾಲದ ತನಿಖೆ ನಡೆಸಿದ ರಾಬರ್ಟ್ ಮುಲ್ಲರ್ ಅವರದ್ದು!

ನ್ಯೂಯರ್ ಎಂಬುದು ಜರ್ಮನ್ನಿನಲ್ಲಿ "ಹೊಸ" ಎನ್ನುವ ಪದದ ಒಂದು ರೂಪ. ಹೊಸ ಕೋಚ್, ಹೊಸ ಕಾರು, ಹೊಸ ಫೋನು ಎಂದು ಹುಡುಕಿದವರೆಲ್ಲ ಗೋಲ್‌ಕೀಪರ್ ಲೆಕ್ಕಕ್ಕೆ ಸೇರುತ್ತಾರೆ. ಮೊದಲ ಸಲ ನಾನೂ ಬರೀ ಮನೆತನದ ಹೆಸರು ಹಾಕಿ, ಜರ್ಮನಿಯಲ್ಲಿ ನ್ಯೂಯರ್ ಮುಂದೆ ಯಾರೂ ಇಲ್ಲ ಎಂದು ಅರ್ಧ ಗಂಟೆ ನಂಬಿ ಕೂತಿದ್ದೆ. ಹಮ್ಮೆಲ್ಸ್ ಎಂದರೆ ಅಮೆರಿಕದಲ್ಲಿ ಪಿಂಗಾಣಿ ಗೊಂಬೆ. ಹಮ್ಮೆಲ್ ಹೆಸರಿನ ಆ ಪುಟ್ಟ ಜರ್ಮನ್ ಗೊಂಬೆಗಳನ್ನು ಕೂಡಿಡುವವರು ಅಲ್ಲಿ ಬಹಳ. ಓಜಿಲ್ ಹೆಸರನ್ನು ಚುಕ್ಕಿ ಇಟ್ಟೂ ಬರೆಯುತ್ತಾರೆ, ಇಡದೆಯೂ ಬರೆಯುತ್ತಾರೆ.

ಪರಿಹಾರ ಸುಲಭ. ಗೂಗಲ್ ಟ್ರೆಂಡ್ಸ್‌ನಲ್ಲಿ ಪೂರ್ತಿ ಹೆಸರು ಟೈಪ್ ಮಾಡಿದ ತಕ್ಷಣ ಎಂಟರ್ ಒತ್ತಬೇಡಿ. ಕೆಳಗೆ ಇಳಿಯುವ ಪಟ್ಟಿಯಲ್ಲಿ ಹೆಸರಿನ ಅಡಿ "ಫುಟ್‌ಬಾಲ್ ಆಟಗಾರ" ಎಂದು ಬರೆದಿರುವುದನ್ನು ಆರಿಸಿ. ಇದನ್ನು "ವಿಷಯ" ಎನ್ನುತ್ತಾರೆ. ವಿಷಯ ಆರಿಸಿದರೆ ಚುಕ್ಕಿ ಇದ್ದದ್ದು, ಇಲ್ಲದ್ದು, ಬೇರೆ ಲಿಪಿಯಲ್ಲಿ ಬರೆದದ್ದು ಎಲ್ಲವನ್ನೂ ಗೂಗಲ್ ತಾನೇ ಒಟ್ಟು ಮಾಡಲು ನೋಡುತ್ತದೆ. ಎಂಟರ್ ಒತ್ತಿದರೆ ಅದು ಬರೀ "ಹುಡುಕು ಪದ" ಆಗುತ್ತದೆ, ಅಕ್ಷರ ಹೇಗಿದೆಯೋ ಹಾಗೆ. ಒಬ್ಬರನ್ನು ವಿಷಯವಾಗಿ, ಇನ್ನೊಬ್ಬರನ್ನು ಪದವಾಗಿ ಹಾಕಿ ಹೋಲಿಸುವುದು ದೊಡ್ಡ ತಪ್ಪು. ಐದೂ ವಿಷಯವೇ ಆಗಿರಲಿ.

4. ಹುಡುಕಾಟದ ಗ್ರಾಫ್ ತೆಗೆಯಿರಿ

ಐದು ಹೆಸರು ಹಾಕಿ. ಜಾಗ "ವಿಶ್ವಾದ್ಯಂತ" ಇರಲಿ, ಅವಧಿ 2014ರ ಜನವರಿಯಿಂದ ಇವತ್ತಿನವರೆಗೆ. ಗ್ರಾಫಿನ ಮೂಲೆಯಲ್ಲಿರುವ ಬಾಣ ಒತ್ತಿ ಅಂಕಿಗಳನ್ನು ಇಳಿಸಿಕೊಳ್ಳಿ. ಆಮೇಲೆ ಜರ್ಮನಿ, ಸ್ಪೇನ್, ಟರ್ಕಿ, ಭಾರತ ಹೀಗೆ ಜಾಗ ಬದಲಿಸುತ್ತಾ ಒಂದೊಂದೇ ಇಳಿಸಿ. ಮುಲ್ಲರ್ 2025ರ ಆಗಸ್ಟ್‌ನಲ್ಲಿ ವ್ಯಾಂಕೂವರ್ ವೈಟ್‌ಕ್ಯಾಪ್ಸ್ ಸೇರಿದ್ದರಿಂದ ಕೆನಡಾವನ್ನೂ ಸೇರಿಸಿ. ಆಗಸ್ಟ್‌ಗೆ ಮುಂಚೆ, ಆಗಸ್ಟ್ ಆದಮೇಲೆ ಎಂದು ಎರಡು ಭಾಗ ಮಾಡಿ ನೋಡುವುದು ಚೆಂದ.

ಈಗ ಆ ಅಂಕಿಗಳ ಅರ್ಥ. 0ಯಿಂದ 100ರವರೆಗಿನ ಅಂಕಿ ಹುಡುಕಿದವರ ಸಂಖ್ಯೆಯಲ್ಲ. ನೀವು ಹಾಕಿದ ಐದು ಹೆಸರು, ನೀವು ಆರಿಸಿದ ಅವಧಿ, ಇವುಗಳಲ್ಲಿ ಅತಿ ಎತ್ತರದ ಒಂದು ಬಿಂದುವಿಗೆ 100 ಕೊಟ್ಟು ಉಳಿದದ್ದನ್ನು ಅದಕ್ಕೆ ಹೋಲಿಸಿ ಇಳಿಸಿರುತ್ತಾರೆ. ಐವರಲ್ಲಿ ಒಬ್ಬರನ್ನು ತೆಗೆದು ಕ್ರಿಸ್ಟಿಯಾನೊ ರೊನಾಲ್ಡೊ ಹೆಸರು ಹಾಕಿ ನೋಡಿ, ಜರ್ಮನ್ನರೆಲ್ಲ ನೆಲಕ್ಕೆ ಅಂಟಿಬಿಡುತ್ತಾರೆ. ಅವರ ಜನಪ್ರಿಯತೆ ಕುಸಿದಿಲ್ಲ, ಅಳತೆಗೋಲು ಹಿಗ್ಗಿದೆ ಅಷ್ಟೇ. ಐದಕ್ಕಿಂತ ಹೆಚ್ಚು ಜನ ಬೇಕಾದರೆ ಒಬ್ಬರನ್ನು, ಉದಾಹರಣೆಗೆ ಮುಲ್ಲರ್ ಅವರನ್ನು, ಎರಡೂ ಗುಂಪಿನಲ್ಲಿ ಇಟ್ಟು ಅವರ ಅಂಕಿಯ ಆಧಾರದಲ್ಲಿ ಎರಡನ್ನೂ ಹೊಂದಿಸಿಕೊಳ್ಳಿ.

ಇನ್ನು ಕೆಲವು ಎಚ್ಚರಿಕೆ. ಕೆಳಗೆ ಬರುವ ದೇಶಗಳ ಪಟ್ಟಿ ಪಾಲು ಹೇಳುತ್ತದೆ, ಪ್ರಮಾಣ ಹೇಳುವುದಿಲ್ಲ. ಚಿಕ್ಕ ದೇಶವೊಂದರ ಹುಡುಕಾಟದಲ್ಲಿ ಕ್ರೂಸ್ ಪಾಲು ಜಾಸ್ತಿ ಇದ್ದರೆ ಅದು ಭಾರತದ ಮೇಲೆ ಬರುತ್ತದೆ, ಒಟ್ಟು ಹುಡುಕಿದವರು ಇಲ್ಲೇ ಹೆಚ್ಚಿದ್ದರೂ ಸಹ. 2016ರ ಮತ್ತು 2022ರ ಜನವರಿಯ ಹತ್ತಿರ ಗ್ರಾಫಿನಲ್ಲಿ "ಸೂಚನೆ" ಎಂಬ ಗೆರೆ ಕಾಣುತ್ತದೆ. ಗೂಗಲ್ ಎಣಿಸುವ ಕ್ರಮ ಬದಲಿಸಿದ ಗುರುತು ಅದು, ಗೆರೆಯ ಆಚೆ ಈಚೆ ಇರುವ ಸಣ್ಣ ವ್ಯತ್ಯಾಸಗಳಿಗೆ ಕತೆ ಕಟ್ಟಬೇಡಿ. ಗೂಗಲ್ ಎಲ್ಲ ಹುಡುಕಾಟವನ್ನೂ ಎಣಿಸುವುದಿಲ್ಲ, ಒಂದು ಮಾದರಿ ತೆಗೆದು ಲೆಕ್ಕ ಹಾಕುತ್ತದೆ. ಹಾಗಾಗಿ ಇವತ್ತಿನ ಅಂಕಿಗೂ ನಾಳಿನದಕ್ಕೂ ಅಷ್ಟಿಷ್ಟು ಬದಲಾವಣೆ ಇರುತ್ತದೆ. ಮೂರು ದಿನ ಇಳಿಸಿಕೊಂಡು ಸರಾಸರಿ ತೆಗೆಯಿರಿ.

ಭಾರತದ ಗ್ರಾಫ್‌ನಲ್ಲಿ ಹಲವು ವಾರ 0 ಎಂದು ಬರಬಹುದು. ಯಾರೂ ಹುಡುಕಿಲ್ಲ ಎಂದಲ್ಲ, ಹೋಲಿಕೆಗೆ ಸಾಲುವಷ್ಟು ಇಲ್ಲ ಎಂದು ಅರ್ಥ. ವಾರದ ಬದಲು ತಿಂಗಳ ಲೆಕ್ಕಕ್ಕೆ ಹೋಗಿ. ಕನ್ನಡ ಲಿಪಿಯಲ್ಲಿ ಟೈಪ್ ಮಾಡಿ ಪದವಾಗಿ ಹುಡುಕುವುದಂತೂ ವ್ಯರ್ಥ. ಮುಲ್ಲರ್, ಮುಲ್ಲೆರ್, ಮ್ಯೂಲರ್ ಎಂದು ನಮ್ಮಲ್ಲೇ ಎಷ್ಟು ಬಗೆ ಇದೆ ನೋಡಿ.

5. ವಿಕಿಪೀಡಿಯದ ಓದನ್ನು ಎಣಿಸಿ

ಟ್ರೆಂಡ್ಸ್‌ನಲ್ಲಿ ಸಿಗದ ಒಂದು ವಸ್ತು ಇಲ್ಲಿ ಸಿಗುತ್ತದೆ: ನಿಜವಾದ ಸಂಖ್ಯೆ. ಪೇಜ್‌ವ್ಯೂಸ್ ಸಾಧನದಲ್ಲಿ ಭಾಷೆ ಆರಿಸಿ, ಪುಟಗಳ ಹೆಸರು ಹಾಕಿ, ಓದುಗರ ಬಗೆಯಲ್ಲಿ "ಬಳಕೆದಾರ" ಎಂಬುದನ್ನು ಆರಿಸಿ. ಇಲ್ಲದಿದ್ದರೆ ಬಾಟ್‌ಗಳೂ, ಅಂದರೆ ತಮ್ಮಷ್ಟಕ್ಕೆ ಪುಟ ತೆರೆಯುವ ಯಂತ್ರಗಳೂ, ಲೆಕ್ಕಕ್ಕೆ ಬರುತ್ತವೆ.

ಪುಟದ ಹೆಸರು ನಕಲು ಮಾಡುವ ಮೊದಲು ತೆರೆದು ಹುಟ್ಟಿದ ವರ್ಷ ನೋಡಿ. ಥಾಮಸ್ ಮುಲ್ಲರ್ ಹೆಸರಿನವರು ಹಲವರಿದ್ದಾರೆ. ಅವರಲ್ಲೊಬ್ಬರು 1988ರ ಕ್ಯಾಲ್ಗರಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ತಂಡದ ಚಿನ್ನ ಗೆದ್ದ ಸ್ಕೀ ಪಟು. ಬೇರೆ ಕಾಗುಣಿತದಿಂದ ತಿರುಗಿಸಿ ಕಳಿಸುವ ಪುಟಗಳ ಎಣಿಕೆ ಮುಖ್ಯ ಪುಟಕ್ಕೆ ತಾನಾಗಿ ಸೇರುವುದಿಲ್ಲ ಎಂಬುದೂ ನೆನಪಿರಲಿ.

ಎಲ್ಲ ಭಾಷೆಯ ಲೆಕ್ಕ ಒಟ್ಟಿಗೆ ಬೇಕಾದರೆ ಲ್ಯಾಂಗ್‌ವ್ಯೂಸ್ ಎಂಬ ಜೊತೆ ಸಾಧನ ಇದೆ. ಒಬ್ಬ ಆಟಗಾರನ ಓದುಗರು ಯಾವ ಭಾಷೆಯವರು ಎಂದು ಅದರಲ್ಲಿ ಗೊತ್ತಾಗುತ್ತದೆ. ನನಗೆ ಇಷ್ಟವಾದ ಭಾಗ ಇದೇ. ಫಾಲೋವರ್ ಎಣಿಕೆಯಲ್ಲಿ ಕಾಣದ ಊರು-ಕೇರಿ ಇಲ್ಲಿ ಕಾಣುತ್ತದೆ.

ಮೂರು ಕಡೆ ಎಡವಬಹುದು. ಒಂದು, ಈ ಸಾಧನದ ಲೆಕ್ಕ ಶುರುವಾಗುವುದೇ 2015ರ ಜುಲೈಯಿಂದ. ಮಾರಕಾನಾ ರಾತ್ರಿಯನ್ನು ಇಲ್ಲಿ ಹುಡುಕಬೇಡಿ. ಎರಡು, ದಿನ ಬದಲಾಗುವುದು ಯುಟಿಸಿ ಪ್ರಕಾರ. ಯುಟಿಸಿ ಎಂದರೆ ಜಗತ್ತಿಗೆಲ್ಲ ಸಾಮಾನ್ಯವಾದ ಗಡಿಯಾರ, ನಮಗಿಂತ ಐದೂವರೆ ಗಂಟೆ ಹಿಂದೆ. ಯುರೋಪಿನ ದೊಡ್ಡ ಕ್ಲಬ್ಬುಗಳು ಆಡುವ ಚಾಂಪಿಯನ್ಸ್ ಲೀಗ್ ಪಂದ್ಯ ಚಳಿಗಾಲದಲ್ಲಿ ಅಲ್ಲಿನ ರಾತ್ರಿ 9ಕ್ಕೆ, ನಮ್ಮ ನಡುರಾತ್ರಿ 1.30ಕ್ಕೆ ಶುರುವಾಗುತ್ತದೆ. ಮುಗಿಯುವಾಗ ಯುಟಿಸಿ ದಿನಕ್ಕೆ ಉಳಿದಿರುವುದು ಎರಡು ಗಂಟೆಯಷ್ಟೇ. ನಾವು ಬೆಳಗ್ಗೆ ಎದ್ದು ಓದುವುದು ಮರುದಿನದ ಖಾತೆಗೆ ಹೋಗುತ್ತದೆ. ಪಂದ್ಯದ ದಿನ ಮತ್ತು ಮರುದಿನ ಎರಡನ್ನೂ ಕೂಡಿಸಿ.

ಮೂರನೆಯದು ಓಜಿಲ್‌ಗೆ ಸಂಬಂಧಿಸಿದ್ದು, ಮತ್ತು ಎಲ್ಲರೂ ಬೀಳುವ ಗುಂಡಿ. ಟರ್ಕಿಯಲ್ಲಿ 2017ರ ಏಪ್ರಿಲ್ 29ರಿಂದ 2020ರ ಜನವರಿ 15ರವರೆಗೆ ವಿಕಿಪೀಡಿಯವನ್ನೇ ಮುಚ್ಚಿದ್ದರು. ಟರ್ಕಿಯ ಅಧ್ಯಕ್ಷ ಎರ್ಡೊಗಾನ್ ಜೊತೆ ತೆಗೆಸಿಕೊಂಡ ಫೋಟೊ ಗಲಾಟೆಯಾಗಿ ಓಜಿಲ್ ಜರ್ಮನ್ ತಂಡ ಬಿಟ್ಟದ್ದು 2018ರ ಜುಲೈ 22ರಂದು, ಅಂದರೆ ಸರಿಯಾಗಿ ಆ ನಡುವೆ. ಟರ್ಕಿಶ್ ವಿಕಿಪೀಡಿಯದ ಅಂಕಿ ನೋಡಿ "ಟರ್ಕಿಯವರಿಗೆ ಅವರ ಮೇಲೆ ಆಸಕ್ತಿ ಇರಲಿಲ್ಲ" ಎಂದು ಬರೆದರೆ ಪೂರ್ತಿ ತಲೆಕೆಳಗು. ಅದೇ ಅವಧಿಗೆ ಟರ್ಕಿಯ ಗೂಗಲ್ ಗ್ರಾಫ್ ತೆಗೆದು ಪಕ್ಕದಲ್ಲಿಡಿ.

ಚೀನಾ ಎರಡೂ ಸಾಧನದಲ್ಲಿ ಇಲ್ಲ ಅಂತಲೇ ಇಟ್ಟುಕೊಳ್ಳಿ. ಗೂಗಲ್ ಹುಡುಕಾಟ 2010ರಲ್ಲೇ ಅಲ್ಲಿಂದ ಹೊರಬಂತು, 2019ರ ಏಪ್ರಿಲ್‌ನಿಂದ ಎಲ್ಲ ಭಾಷೆಯ ವಿಕಿಪೀಡಿಯಕ್ಕೂ ಅಲ್ಲಿ ತಡೆ. ಉಯ್ಗುರ್ ಮುಸ್ಲಿಮರ ಪರ 2019ರ ಡಿಸೆಂಬರ್‌ನಲ್ಲಿ ಓಜಿಲ್ ಬರೆದಾಗ ಚೀನಾದ ಸರ್ಕಾರಿ ಟಿವಿ ಆರ್ಸೆನಲ್ ಪಂದ್ಯದ ಪ್ರಸಾರವನ್ನೇ ಕೈಬಿಟ್ಟಿತು. ಅಷ್ಟು ದೊಡ್ಡ ಅಲೆಯ ಚೀನಾ ಭಾಗ ನಿಮ್ಮ ಹಾಳೆಯಲ್ಲಿ ಕಾಣುವುದೇ ಇಲ್ಲ.

6. ಇನ್‌ಸ್ಟಾಗ್ರಾಂ ಲೆಕ್ಕ

ಫಾಲೋವರ್ ಎಣಿಕೆ ಬರೆದುಕೊಳ್ಳಿ, ಪಕ್ಕದಲ್ಲಿ ತಾರೀಖು ಹಾಕಿ. ಆಮೇಲೆ ಪ್ರತಿಯೊಬ್ಬರ ಇತ್ತೀಚಿನ 21 ಪೋಸ್ಟ್‌ಗಳ ಲೈಕ್ ಮತ್ತು ಕಾಮೆಂಟ್ ಕೂಡಿಸಿ. ಈ 21 ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ 11ನೆಯದನ್ನು ತೆಗೆದುಕೊಳ್ಳಿ. ಇದಕ್ಕೆ ಮೀಡಿಯನ್ ಎನ್ನುತ್ತಾರೆ, ಅಂದರೆ ನಟ್ಟನಡುವಿನ ಅಂಕಿ. ಸರಾಸರಿ ಬೇಡ. ಒಂದು ವಿದಾಯದ ಪೋಸ್ಟ್ ಇದ್ದರೆ ಸಾಕು, ಸರಾಸರಿ ಆಕಾಶಕ್ಕೆ ಹೋಗುತ್ತದೆ.

ಮೀಡಿಯನ್ ಅನ್ನು ಫಾಲೋವರ್ ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸಿದರೆ ಸ್ಪಂದನೆಯ ಪ್ರಮಾಣ ಬರುತ್ತದೆ. ಲೆಕ್ಕ ತಿಳಿಯಲೆಂದು ಕಲ್ಪಿಸಿದ ಅಂಕಿ ಕೊಡುತ್ತೇನೆ: ಒಬ್ಬರಿಗೆ 1 ಕೋಟಿ ಫಾಲೋವರ್, ನಡುವಿನ ಪೋಸ್ಟ್‌ಗೆ 2 ಲಕ್ಷ ಸ್ಪಂದನೆ, ಅಂದರೆ ಶೇ 2. ಇನ್ನೊಬ್ಬರಿಗೆ 4 ಕೋಟಿ ಫಾಲೋವರ್, 4 ಲಕ್ಷ ಸ್ಪಂದನೆ, ಶೇ 1. ಎರಡನೆಯವರ ಕಣಜ ದೊಡ್ಡದು, ಮೊದಲನೆಯವರ ಮಾತಿಗೆ ತಲೆಯೆತ್ತುವವರ ಪಾಲು ಜಾಸ್ತಿ. ಕ್ರೂಸ್-ಮುಲ್ಲರ್ ಜಗಳದಲ್ಲಿ ಎರಡು ಕಡೆಯವರೂ ಹೇಳುತ್ತಿರುವುದು ಇಂಥ ಬೇರೆ ಬೇರೆ ಅಂಕಿಗಳನ್ನೇ, ಅಲ್ವಾ?

ಲೆಕ್ಕದಿಂದ ತೆಗೆಯಬೇಕಾದವು: ಕ್ಲಬ್ ಜೊತೆ ಸೇರಿ ಹಾಕಿದ ಜಂಟಿ ಪೋಸ್ಟ್ (ಎರಡೂ ಖಾತೆಯವರ ಲೈಕ್ ಒಂದೇ ಕಡೆ ಬೀಳುತ್ತದೆ), ಲೈಕ್ ಸಂಖ್ಯೆ ಮುಚ್ಚಿಟ್ಟ ಪೋಸ್ಟ್, ನಿನ್ನೆ ಮೊನ್ನೆ ಹಾಕಿದ ಪೋಸ್ಟ್. ರೀಲ್ಸ್ ಮತ್ತು ಫೋಟೊಗಳನ್ನು ಬೇರೆ ಬೇರೆ ಎಣಿಸಿದರೆ ಇನ್ನೂ ಒಳ್ಳೆಯದು. ಹಳೆಯ ಎಣಿಕೆಗಳ ಜೊತೆ ಹೋಲಿಸುವಾಗ 2014ರ ಡಿಸೆಂಬರ್ ನೆನಪಿಡಿ. ಆಗ ಇನ್‌ಸ್ಟಾಗ್ರಾಂ ನಕಲಿ ಖಾತೆಗಳನ್ನು ಗುಡಿಸಿ ಹಾಕಿ, ಎಷ್ಟೋ ಪ್ರಸಿದ್ಧರ ಸಂಖ್ಯೆ ಒಂದೇ ದಿನದಲ್ಲಿ ಇಳಿದಿತ್ತು.

ಟಿಕ್‌ಟಾಕ್ ಸೇರಿಸುವುದಾದರೆ, 2020ರ ಜೂನ್ ಕೊನೆಯಿಂದ ಅದು ಭಾರತದಲ್ಲಿ ಇಲ್ಲ. ಅಲ್ಲಿನ ಸಂಖ್ಯೆಯಲ್ಲಿ ನಮ್ಮವರ ಪಾಲು ಹುಡುಕಬೇಡಿ.

7. ಶಿಖರಗಳನ್ನು ಬೇರ್ಪಡಿಸಿ

ಮೊದಲು ಬರೆದಿಟ್ಟ ತಾರೀಖಿನ ಹಾಳೆ ಈಗ ತೆಗೆಯಿರಿ. ಗ್ರಾಫಿನ ಪ್ರತಿ ಶಿಖರದ ಪಕ್ಕದಲ್ಲಿ ಕಾರಣ ಬರೆಯಿರಿ. ನ್ಯೂಯರ್, 2022ರ ಡಿಸೆಂಬರ್: ಸ್ಕೀ ಮಾಡುವಾಗ ಬಿದ್ದು ಕಾಲು ಮುರಿದದ್ದು. ಕ್ರೂಸ್, 2024ರ ಮೇ 21: ನಿವೃತ್ತಿಯ ಘೋಷಣೆ. ಅದಾಗಿ ಹನ್ನೊಂದು ದಿನಕ್ಕೆ ವೆಂಬ್ಲಿಯಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್. ಎದುರಾಳಿ ಡೋರ್ಟ್ಮುಂಡ್ ತಂಡದಲ್ಲಿ ಹಮ್ಮೆಲ್ಸ್ ಇದ್ದರು, ಹಾಗಾಗಿ ಒಂದೇ ರಾತ್ರಿ ಇಬ್ಬರಿಗೂ ಏರಿಕೆ. ಮುಲ್ಲರ್, 2025ರ ಡಿಸೆಂಬರ್: ಅಮೆರಿಕದ ಲೀಗ್ ಫೈನಲ್‌ನಲ್ಲಿ ಮೆಸ್ಸಿಯ ಮಯಾಮಿ ಎದುರು. ಅಲ್ಲಿ ಮುಲ್ಲರ್ ಪಾಲೆಷ್ಟು, ಮೆಸ್ಸಿಯಿಂದ ಚೆಲ್ಲಿ ಬಂದದ್ದೆಷ್ಟು ಎಂದು ಬಿಡಿಸುವುದು ಕಷ್ಟ.

ಕಾರಣ ಹೊಳೆಯದಿದ್ದರೆ ಟ್ರೆಂಡ್ಸ್‌ನಲ್ಲಿ ಆ ವಾರವನ್ನಷ್ಟೇ ಆರಿಸಿ, ಕೆಳಗಿನ "ಸಂಬಂಧಿತ ಹುಡುಕಾಟ" ಪಟ್ಟಿ ನೋಡಿ. ಪಕ್ಕದಲ್ಲಿ "ಬ್ರೇಕ್‌ಔಟ್" ಎಂದಿದ್ದರೆ ಆ ಪದದ ಹುಡುಕಾಟ ಶೇ 5,000ಕ್ಕೂ ಮೀರಿ ಏರಿದೆ ಎಂದರ್ಥ.

ಗಾಯ, ವಿವಾದ, ವಿದಾಯ: ಇವೆಲ್ಲ ಜನ ತಿರುಗಿ ನೋಡಿದ ಗುರುತು, ಪ್ರೀತಿಯ ಗುರುತಾಗಿಯೇ ಇರಬೇಕಿಲ್ಲ. ಓಜಿಲ್ ಅವರ 2018ರ ಜುಲೈ ಶಿಖರದಲ್ಲಿ ಮೆಚ್ಚಿದವರೂ ಬೈದವರೂ ಒಟ್ಟಿಗಿದ್ದಾರೆ. ಆ ಹೇಳಿಕೆಯನ್ನು ಅವರು ಬರೆದದ್ದು ಇಂಗ್ಲಿಷಿನಲ್ಲಿ, ಜರ್ಮನ್ನಿನಲ್ಲಲ್ಲ. ಹಾಗಾಗಿ ಹೊರದೇಶದವರ ಪಾಲು ಎಷ್ಟಿತ್ತು ಎಂದು ಜರ್ಮನಿ ಮತ್ತು ವಿಶ್ವಾದ್ಯಂತ ಗ್ರಾಫ್ ಎರಡನ್ನೂ ಇಟ್ಟು ನೋಡಿ. ಶಿಖರದ ವಾರಗಳನ್ನು ಬಿಟ್ಟು ಉಳಿದ ವಾರಗಳ ಮೀಡಿಯನ್ ತೆಗೆದರೆ, ಏನೂ ನಡೆಯದ ಮಾಮೂಲಿ ವಾರದಲ್ಲೂ ಯಾರನ್ನು ಜನ ಹುಡುಕುತ್ತಾರೆ ಎಂದು ಗೊತ್ತಾಗುತ್ತದೆ. ನಾನು ಮೊದಲು ನೋಡುವುದು ಈ ಅಂಕಿಯನ್ನೇ.

8. ಬರೆಯುವಾಗ

ಪ್ರತಿ ತೀರ್ಮಾನದಲ್ಲೂ ಸಾಧನ, ಜಾಗ, ಅವಧಿ, ನೋಡಿದ ತಾರೀಖು ನಾಲ್ಕೂ ಇರಲಿ. "ಗೂಗಲ್ ಟ್ರೆಂಡ್ಸ್‌ನಲ್ಲಿ, ಭಾರತದಲ್ಲಿ, ಇಂಥ ತಿಂಗಳಿಂದ ಇಂಥ ತಿಂಗಳವರೆಗೆ, ಶಿಖರ ಬಿಟ್ಟು ನೋಡಿದರೆ ಇಂಥವರು ಮುಂದೆ" ಎಂಬ ಮಾದರಿಯಲ್ಲಿ. ಎರಡು ಸಾಧನ ಬೇರೆ ಬೇರೆ ಉತ್ತರ ಕೊಟ್ಟರೆ ಎರಡನ್ನೂ ಬರೆಯಿರಿ. ಎರಡನ್ನೂ ಕೂಡಿಸಿ ಸ್ವಂತ "ಜನಪ್ರಿಯತೆ ಅಂಕ" ತಯಾರಿಸುವ ಚಪಲ ಬರುತ್ತದೆ, ಬೇಡ. ಯಾವುದಕ್ಕೆ ಎಷ್ಟು ತೂಕ ಎಂದು ನೀವು ಹೇಗೆ ಇಟ್ಟರೆ ಹಾಗೆ ಗೆಲುವಿಗ ಬದಲಾಗುತ್ತಾನೆ.

ಇಳಿಸಿಕೊಂಡ ಕಡತಗಳನ್ನು ಅಳಿಸಬೇಡಿ. ಆರು ತಿಂಗಳ ನಂತರ ಯಾರಾದರೂ ಅದೇ ಪ್ರಶ್ನೆ ಕೇಳಿದಾಗ ಟ್ರೆಂಡ್ಸ್ ಅಂಕಿ ಬದಲಾಗಿರುತ್ತದೆ, ಇನ್‌ಸ್ಟಾಗ್ರಾಂನ ಹಳೆಯ ಎಣಿಕೆ ಸಿಗುವುದೇ ಇಲ್ಲ.